ದನಕ್ಕೆ ಹಾಕುವ ಲಸಿಕೆಗೆ ಪಕ್ಷವಿಲ್ಲ

(ಶಿರಸಿಯಲ್ಲಿ ಮಾಡಿದ ಮಾತಿನ ಬರಹ ರೂಪ)

ನಮ್ಮ ಮನೆಯಿಂದ ಎರಡು ತೋಟ ದಾಟಿದರೆ ಒಬ್ಬ ಹಿರಿಯರ ಮನೆ. ಸಿದ್ದಾಪುರದ ಕಡೆಯ ಅಡಕೆ ಕೃಷಿಕರು. ಕೊಟ್ಟಿಗೆಯಲ್ಲಿ ಆರು ದನ. ಪಶು ಇಲಾಖೆಯವರು ಕಾಲುಬಾಯಿ ಜ್ವರದ ಲಸಿಕೆ ಹಾಕಲು ಬರುವ ದಿನ ಅವರು ದನಗಳನ್ನು ಬೆಟ್ಟಕ್ಕೆ ಬಿಡುವುದಿಲ್ಲ. ಬೆಳಗ್ಗೆಯಿಂದ ಕಟ್ಟಿಕೊಂಡು ಕಾಯುತ್ತಾರೆ. ಬಂದವರಿಗೆ ಕಷಾಯ, ಮಧ್ಯಾಹ್ನವಾದರೆ ಊಟ. ಆ ಲಸಿಕೆ ಯಾವ ಕಂಪನಿಯದು, ಅದರೊಳಗೆ ಎಂತ ಇದೆ ಅಂತ ಅವರು ಒಂದು ದಿನವೂ ಕೇಳಿದ್ದಿಲ್ಲ.

2021ರಲ್ಲಿ ಕೋವಿಡ್ ಲಸಿಕೆ ಬಂತು. ಅವರಿಗೆ ಎಪ್ಪತ್ತು ದಾಟಿತ್ತು, ಮಾರ್ಚ್‌ನಲ್ಲೇ ಹಾಕಿಸಿಕೊಳ್ಳಬಹುದಿತ್ತು. ಹಾಕಿಸಿಕೊಳ್ಳಲಿಲ್ಲ. ನಾನು ಕೇಳಿದೆ, ಎಂತಕ್ಕೆ? "ಅದು ಅವರ ಲಸಿಕೆ ಮಾರಾಯ, ನಂಗೆ ಬೇಡ" ಅಂದರು. ಅವರ ಅಂದರೆ ಯಾರದು ಅಂತ ನಿಮಗೆ ಗೊತ್ತಾಯಿತು. ಅವರು ಓಟು ಹಾಕದ ಪಕ್ಷದ್ದು.

ಇನ್ನೊಬ್ಬರು ಇಲ್ಲೇ ಶಿರಸಿಯಲ್ಲಿರುವ ನಮ್ಮ ನೆಂಟರು. ಅವರು ಓಟು ಹಾಕುವುದು ಅದೇ ಪಕ್ಷಕ್ಕೆ. ಮೊದಲ ದಿನವೇ ಸಾಲಿನಲ್ಲಿ ನಿಂತು ಹಾಕಿಸಿಕೊಂಡರು. ಅದು ಒಳ್ಳೆಯದೇ. ಆದರೆ ಲಸಿಕೆಯ ಪರೀಕ್ಷೆಯ ಅಂಕಿ ಅಂಶ ಎಲ್ಲಿ ಅಂತ ಕೇಳಿದವರನ್ನೆಲ್ಲ ದೇಶದ್ರೋಹಿ ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಬೈದರು. ನಾನು ಇಬ್ಬರನ್ನೂ ಬಲ್ಲೆ, ಇಬ್ಬರೂ ಒಳ್ಳೆಯ ಮನುಷ್ಯರು, ಇಬ್ಬರೂ ಆ ಲಸಿಕೆಯ ಬಗ್ಗೆ ಒಂದು ಸಾಲೂ ಓದಿರಲಿಲ್ಲ.

ನಾನು ರಾಜ್ಯಶಾಸ್ತ್ರ ಪಾಠ ಮಾಡಿದವನು, ವೈದ್ಯನಲ್ಲ. ಲಸಿಕೆ ರಕ್ತದಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳೋಕೆ ಇಲ್ಲಿ ಬೇರೆಯವರಿದ್ದಾರೆ. ನನಗೆ ಕಾಡುವ ಪ್ರಶ್ನೆ ಒಂದೇ. ಅದೇ ಮನುಷ್ಯ, ಅದೇ ಸರ್ಕಾರ, ದನಕ್ಕೆ ಬಂದರೆ ನಂಬಿಕೆ, ತನಗೆ ಬಂದರೆ ಅನುಮಾನ. ನಡುವೆ ಎಂತ ಹೊಕ್ಕಿತು?

ಸುಲಭದ ಉತ್ತರ ಒಂದಿದೆ. ಜನ ದಡ್ಡರು, ವಾಟ್ಸಾಪ್ ನೋಡಿ ಕೆಟ್ಟುಹೋದರು ಅನ್ನುವುದು. ನಾನು ಅದನ್ನು ಒಪ್ಪುವುದಿಲ್ಲ. ನಮ್ಮಲ್ಲಿ ಯಾರೂ ಪ್ರತಿಯೊಂದನ್ನೂ ಪರೀಕ್ಷೆ ಮಾಡಿ ತೀರ್ಮಾನಿಸುವುದಿಲ್ಲ, ಅದಕ್ಕೆ ಪುರುಸೊತ್ತೂ ಇಲ್ಲ, ಓದಿದರೆ ಅರ್ಥ ಆಗುವುದೂ ಇಲ್ಲ. ಯಾರನ್ನು ನಂಬಬಹುದು ಅಂತ ನೋಡುತ್ತೇವೆ. ನಂಬುವವರು ಹೌದು ಅಂದರೆ ಹೌದು. ಈ ನಂಬಿಕೆಯ ಲೆಕ್ಕದಲ್ಲಿ ಈಗ ಪಕ್ಷ ಬಂದು ಕೂತಿದೆ.

ಇದು ಎಷ್ಟು ಬೇಗ ತಿರುಗುತ್ತದೆ ಅಂತ ನೋಡಲು ಅಮೆರಿಕಕ್ಕೆ ಹೋಗಬೇಕು. 2020ರ ಅಕ್ಟೋಬರ್. ಟ್ರಂಪ್ ಅಧ್ಯಕ್ಷರು, ಚುನಾವಣೆ ಹತ್ತಿರ, ಲಸಿಕೆ ಇನ್ನೂ ಬಂದಿಲ್ಲ. ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಕಮಲಾ ಹ್ಯಾರಿಸ್ ಟಿವಿ ಚರ್ಚೆಯಲ್ಲಿ ಹೇಳಿದರು: ವೈದ್ಯರು ಹೇಳಿದರೆ ಮೊದಲು ನಾನೇ ತಗೊಳ್ತೇನೆ, ಟ್ರಂಪ್ ಹೇಳಿದರೆ ತಗೊಳ್ಳುವುದಿಲ್ಲ. ಆಗ ಲಸಿಕೆಯ ಬಗ್ಗೆ ಅನುಮಾನ ಡೆಮಾಕ್ರಟಿಕ್ ಪಕ್ಷದ ಕಡೆಯಿಂದಲೂ ಕೇಳುತ್ತಿತ್ತು. ಲಸಿಕೆಯನ್ನು ಬೇಗ ತರಲು ಸಾವಿರಾರು ಕೋಟಿ ಸುರಿದದ್ದು ಟ್ರಂಪ್ ಸರ್ಕಾರವೇ. ಆಮೇಲೆ ಸರ್ಕಾರ ಬದಲಾಯಿತು. ಹಂಚುವವರು ಬೈಡನ್. 2021ರ ಆಗಸ್ಟ್‌ನಲ್ಲಿ ಅಲಬಾಮಾ ರಾಜ್ಯದಲ್ಲಿ ಟ್ರಂಪ್ ಅವರದೇ ಸಭೆ. ಅವರದೇ ಜನ. ಲಸಿಕೆ ಹಾಕಿಸಿಕೊಳ್ಳಿ, ನಾನೂ ಹಾಕಿಸಿಕೊಂಡಿದ್ದೇನೆ ಅಂದರು. ಸಭೆಯಲ್ಲಿ ಕೆಲವರು ಅವರನ್ನೇ ಕೂಗಿ ಹೀಯಾಳಿಸಿದರು.

ಇದನ್ನು ಸ್ವಲ್ಪ ನಿಧಾನವಾಗಿ ಯೋಚನೆ ಮಾಡಿ. ಒಂದು ವರ್ಷವೂ ಆಗಿಲ್ಲ. ತಾನು ಹಚ್ಚಿದ ಬೆಂಕಿಯನ್ನು ನಾಯಕನಿಗೇ ಆರಿಸಲು ಆಗಲಿಲ್ಲ. ಒಮ್ಮೆ ಒಂದು ವಿಷಯ ನಮ್ಮ ಗುಂಪಿನ ಗುರುತು ಆಗಿಬಿಟ್ಟರೆ ಆಮೇಲೆ ಅದು ನಾಯಕನ ಕೈಯಲ್ಲೂ ಇರುವುದಿಲ್ಲ.

ಇದರ ಬೆಲೆ ಎಷ್ಟು? ಫ್ಲಾರಿಡಾ ಮತ್ತು ಒಹಾಯೊ ರಾಜ್ಯಗಳ ಸಾವಿನ ದಾಖಲೆಗಳನ್ನು ಮತದಾರರ ಪಟ್ಟಿಯ ಜೊತೆ ಹೋಲಿಸಿ ಒಂದು ಅಧ್ಯಯನ ನಡೆಯಿತು, 2023ರಲ್ಲಿ ಪ್ರಕಟವಾಯಿತು. ಅಲ್ಲಿ ಮತದಾರ ಯಾವ ಪಕ್ಷದ ಕಡೆಯವನು ಅಂತ ದಾಖಲೆಯಲ್ಲಿರುತ್ತದೆ, ಹಾಗಾಗಿ ಇಂಥ ಲೆಕ್ಕ ಸಾಧ್ಯ. ಎಲ್ಲಾ ವಯಸ್ಕರಿಗೂ ಲಸಿಕೆ ಸಿಗಲು ಶುರುವಾದ ಮೇಲೆ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದ ಮತದಾರರಲ್ಲಿ ವಾಡಿಕೆಗಿಂತ ಹೆಚ್ಚಾದ ಸಾವಿನ ಪ್ರಮಾಣ ಡೆಮಾಕ್ರಟ್ ಮತದಾರರಿಗಿಂತ ಶೇ. 43ರಷ್ಟು ಜಾಸ್ತಿ ಇತ್ತು. ಲಸಿಕೆ ಕಡಿಮೆ ಹಾಕಿಸಿಕೊಂಡ ಕೌಂಟಿಗಳಲ್ಲಿ, ಅಂದರೆ ಅಲ್ಲಿನ ಜಿಲ್ಲೆಗಳಲ್ಲಿ, ಈ ಅಂತರ ಹೆಚ್ಚು. ಸತ್ತವರು ಯಾರೋ ದೊಡ್ಡ ರಾಜಕಾರಣಿಗಳಲ್ಲ. ಟಿವಿ ನೋಡಿ ನಂಬಿದ ಅಜ್ಜ, ಅಜ್ಜಿ, ಅಪ್ಪ. ನನಗೆ ಈ ಸಂಖ್ಯೆ ಓದಿದ ದಿನ ನಮ್ಮ ಪಕ್ಕದ ಮನೆಯ ಹಿರಿಯರೇ ನೆನಪಾದರು.

ಹಾಗಂತ ಅನುಮಾನ ಪಡುವುದು ಬಲಪಂಥದ ರೋಗ ಅಂತ ಬರೆದುಕೊಂಡು ಹೋಗಬೇಡಿ. ಅದೇ ಅಮೆರಿಕದಲ್ಲಿ 2014ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಿಂದ ದಡಾರ ಹರಡಿತು. ಆಗ ಲಸಿಕೆ ಬೇಡ ಅನ್ನುತ್ತಿದ್ದವರಲ್ಲಿ ಓದಿದ, ಹಣವಂತ, ಎಲ್ಲಾ ಸಾವಯವ ಬೇಕು ಅನ್ನುವ, ಹೆಚ್ಚಾಗಿ ಉದಾರವಾದಿಗಳಿಗೆ ಓಟು ಹಾಕುವ ಊರುಗಳ ಅಪ್ಪ ಅಮ್ಮಂದಿರೂ ಇದ್ದರು. ಮರುವರ್ಷ ಆ ರಾಜ್ಯ ವೈಯಕ್ತಿಕ ನಂಬಿಕೆಯ ನೆಪದ ವಿನಾಯಿತಿಯನ್ನೇ ತೆಗೆದುಹಾಕಿತು.

ನಮ್ಮ ದೇಶದಲ್ಲಂತೂ ಇದು ಇನ್ನೂ ಹಳೆಯದು. ಗಾಂಧೀಜಿ ಸಿಡುಬಿನ ಲಸಿಕೆಯನ್ನು ಒಪ್ಪುತ್ತಿರಲಿಲ್ಲ. ದನದ ಮೈಯ ಕೀವಿನಿಂದ ಬಂದದ್ದು, ಹೊಲಸು ಅನ್ನುತ್ತಿದ್ದರು. ರಾಜಾಜಿ 1955ರಲ್ಲಿ ಕ್ಷಯದ ಬಿಸಿಜಿ ಲಸಿಕೆಯ ವಿರುದ್ಧ ಕಿರುಹೊತ್ತಿಗೆಯನ್ನೇ ಬರೆದರು. ಮದ್ರಾಸಿನ ಮುಖ್ಯಮಂತ್ರಿ ಆಗಿದ್ದವರು, ದೇಶದ ಗವರ್ನರ್ ಜನರಲ್ ಆಗಿದ್ದವರು! 2009ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರಿನ ಲಸಿಕೆ ಕೊಡುವ ಯೋಜನೆ ಶುರುವಾಯಿತು, 2010ರಲ್ಲಿ ನಿಂತಿತು. ಏಳು ಹುಡುಗಿಯರು ಸತ್ತಿದ್ದರು. ಆ ಸಾವುಗಳಿಗೆ ಲಸಿಕೆ ಕಾರಣ ಅಂತ ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಹಾಸ್ಟೆಲ್ ಹುಡುಗಿಯರ ಪರವಾಗಿ ಅಪ್ಪ ಅಮ್ಮನನ್ನು ಕೇಳದೆ ವಾರ್ಡನ್ನರು ಸಹಿ ಹಾಕಿದ್ದು ಹೊರಗೆ ಬಂತು, ಸಂಸದೀಯ ಸಮಿತಿ ಅದನ್ನು ಕಟುವಾಗಿ ಟೀಕಿಸಿತು. ಆ ಲಸಿಕೆಯನ್ನು ವಿರೋಧಿಸಿದವರಲ್ಲಿ ಎಡ ಪಕ್ಷದ ಮಹಿಳಾ ಸಂಘಟನೆಯೂ ಇತ್ತು, ಸಂಘ ಪರಿವಾರದ ಸ್ವದೇಶಿ ಜಾಗರಣ ಮಂಚವೂ ಇತ್ತು. ಬೇರೆ ಯಾವ ವೇದಿಕೆಯಲ್ಲಿ ಇವರಿಬ್ಬರು ಒಟ್ಟಿಗೆ ಸಿಗುತ್ತಾರೆ ಹೇಳಿ?

ಗಾಂಧೀಜಿಯ ಮಾತು ಬಂತಲ್ಲ, ನಮ್ಮ ಅಜ್ಜನ ವಿಷಯ ಹೇಳಿಬಿಡುತ್ತೇನೆ. ಸಿದ್ದಾಪುರ, ಅಂಕೋಲೆ ಕಡೆಯ ಕರನಿರಾಕರಣೆ ನಿಮಗೆಲ್ಲ ಗೊತ್ತು. 1930ರಲ್ಲಿ ಅಂಕೋಲೆಯ ಕಡಲ ತೀರದಲ್ಲಿ ಉಪ್ಪು ಮಾಡಿದ ಜಿಲ್ಲೆ ಇದು. ನಮ್ಮ ಅಜ್ಜ ಆ ಚಳವಳಿಯಲ್ಲಿ ಜೈಲಿಗೆ ಹೋದವರು. ಸಾಯುವ ತನಕ ಖಾದಿ ಬಿಟ್ಟು ಬೇರೆ ಉಟ್ಟಿಲ್ಲ. ಗಾಂಧಿ ಹೇಳಿದ್ದು ಅವರಿಗೆ ವೇದ. ಆದರೆ ಅವರ ತೋಳಿನಲ್ಲಿ ಸಿಡುಬಿನ ಲಸಿಕೆಯ ಗುರುತು ಇತ್ತು, ಮಕ್ಕಳು ಒಬ್ಬೊಬ್ಬರಿಗೂ ಹಾಕಿಸಿದ್ದರು. ಅವರ ಅಣ್ಣ ಸಿಡುಬಿನಲ್ಲಿ ಸತ್ತಿದ್ದ. ಗಾಂಧಿಯವರ ಆ ಒಂದು ಮಾತನ್ನು ಅಜ್ಜ ಯಾರ ಜೊತೆಗೂ ಜಗಳ ಮಾಡದೆ, ಗಾಂಧಿಯನ್ನೂ ಬಿಡದೆ, ಸುಮ್ನೆ ಪಕ್ಕಕ್ಕೆ ಇಟ್ಟಿದ್ದರು. ಇದು ಆಗುತ್ತದೆ ಅನ್ನುವುದಕ್ಕೆ ನನಗೆ ಅಜ್ಜನೇ ಸಾಕ್ಷಿ. ಒಬ್ಬ ನಾಯಕನನ್ನು ಪೂರ್ತಿ ಪ್ರೀತಿಸಿ ಒಂದು ವಿಷಯದಲ್ಲಿ ಅವನ ಮಾತು ಕೇಳದೆ ಇರಬಹುದು.

ರಾಜಕೀಯ ಲಸಿಕೆಗೆ ಒಳ್ಳೆಯದನ್ನೂ ಮಾಡಿದೆ. ಮೈಸೂರಿನ ಕತೆ ಕೇಳಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿ ಸರ್ಕಾರ ಒಡೆಯರ್ ಮನೆತನವನ್ನು ಮತ್ತೆ ಕೂರಿಸಿತು. 1802ರ ಜೂನ್ 14ರಂದು ಮುಂಬೈಯಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಸಿಡುಬಿನ ಲಸಿಕೆ ಹಾಕಿದರು, ಭಾರತದಲ್ಲಿ ಅದೇ ಮೊದಲು. ಮೂರು ವರ್ಷದ ನಂತರ, 1805ರ ಹೊತ್ತಿಗೆ, ಥಾಮಸ್ ಹಿಕ್ಕಿ ಅನ್ನುವ ಚಿತ್ರಕಾರ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಒಬ್ಬಳು ಸೀರೆಯ ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಅದು ಲಸಿಕೆ ಹಾಕಿಸಿಕೊಂಡ ಜಾಗ, ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ಪ್ರಜೆಗಳಿಗೆ ಮಾದರಿಯಾಗಿ ನಿಂತದ್ದು ಅಂತ ಇತಿಹಾಸಕಾರರು ಗುರುತಿಸಿದ್ದಾರೆ. ಅರಮನೆಗೆ ಕಂಪನಿಯ ಸ್ನೇಹ ಬೇಕಿತ್ತು. ಕಂಪನಿಗೆ ಲಸಿಕೆಗೆ ಒಂದು ದೊಡ್ಡ ಮನೆಯ ಒಪ್ಪಿಗೆ ಬೇಕಿತ್ತು. ಪೂರ್ತಿ ರಾಜಕೀಯವೇ. ಆದರೆ ಸೆರಗು ಸರಿಸಿದ ಆ ಹುಡುಗಿಯ ಧೈರ್ಯ ದೊಡ್ಡದು ಅಂತ ನನಗೆ ಆ ಚಿತ್ರ ನೋಡಿದಾಗಲೆಲ್ಲ ಅನಿಸುತ್ತದೆ.

ಇದಕ್ಕೆ ಎದುರು ಉದಾಹರಣೆ ಪುಣೆ. 1897ರ ಪ್ಲೇಗಿನಲ್ಲಿ ಸೈನಿಕರು ಮನೆ ಮನೆಗೆ ನುಗ್ಗಿ ಹುಡುಕಿದರು, ದೇವರ ಕೋಣೆಗೂ ಹೊಕ್ಕರು. ಆ ವರ್ಷ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಆ ರೋಗದ ಕೆಲಸ ಅಲ್ಲಿ ಪೂರ್ತಿ ರಾಜಕೀಯದ ಜಗಳವಾಯಿತು. ಅದೇ ಪ್ಲೇಗು ನಮ್ಮ ಪಕ್ಕದ ಹುಬ್ಬಳ್ಳಿಗೆ ಬಂದಾಗ, 1898ರಲ್ಲಿ, ಸಾವಿರಾರು ಜನ ಹಾಫ್ಕಿನ್ ಅನ್ನುವ ವಿಜ್ಞಾನಿ ಮಾಡಿದ ಪ್ಲೇಗ್ ಲಸಿಕೆ ಹಾಕಿಸಿಕೊಂಡರು.

ಬಲವಂತದ ನೆನಪು ಎಷ್ಟು ವರ್ಷ ಉಳಿಯುತ್ತದೆ ಅಂತ ಸರ್ಕಾರಗಳಿಗೆ ಗೊತ್ತಾಗುವುದಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಉತ್ತರ ಭಾರತದಲ್ಲಿ ಜನರನ್ನು ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ಮೂವತ್ತು ವರ್ಷ ಕಳೆದ ಮೇಲೆ ಅದೇ ಉತ್ತರ ಪ್ರದೇಶದಲ್ಲಿ ಪೋಲಿಯೋ ಹನಿ ಕೊಟ್ಟರೆ ಮಕ್ಕಳು ಹುಟ್ಟುವುದಿಲ್ಲ ಅಂತ ಪುಕಾರು ಎದ್ದಿತು. ಪುಕಾರು ಸುಳ್ಳು. ಅದರ ಕೆಳಗಿನ ಭಯ ಸುಳ್ಳಲ್ಲ. ಪಾಕಿಸ್ತಾನದಲ್ಲಿ ಬಿನ್ ಲಾಡೆನ್ ಮನೆ ಪತ್ತೆ ಮಾಡಲು ಅಮೆರಿಕದ ಸಿಐಎ ಹೆಪಟೈಟಿಸ್ ಲಸಿಕೆಯ ನಕಲಿ ಅಭಿಯಾನ ಮಾಡಿಸಿತು. 2011ರಲ್ಲಿ ವಿಷಯ ಹೊರಗೆ ಬಂದ ಮೇಲೆ ಮಕ್ಕಳ ಲಸಿಕೆ ಪ್ರಮಾಣ ಕುಸಿಯಿತು. ಇಸ್ಲಾಮಿಕ್ ಪಕ್ಷಗಳಿಗೆ ಹೆಚ್ಚು ಓಟು ಬಿದ್ದ ಜಿಲ್ಲೆಗಳಲ್ಲಿ ಹೆಚ್ಚು ಕುಸಿಯಿತು. ರಾಜಕೀಯ ನಿಲುವಿಗೂ ಲಸಿಕೆಗೂ ಇರುವ ನಂಟನ್ನು ಇಷ್ಟು ನೇರವಾಗಿ ತೋರಿಸುವ ಇನ್ನೊಂದು ಘಟನೆ ನನಗೆ ಗೊತ್ತಿಲ್ಲ. ಆದರೆ ತಪ್ಪು ಯಾರಿಂದ ಶುರುವಾಯಿತು ಅನ್ನುವುದನ್ನೂ ನೋಡಬೇಕು, ಅಲ್ವಾ?

ಈಗ ನಮ್ಮ ಕೋವಿಡ್ ಕಾಲಕ್ಕೆ ಬರೋಣ. ಇಲ್ಲಿ ಎಲ್ಲಾ ಪಕ್ಷದವರೂ ಕೂತಿದ್ದೀರಿ. ನಾನು ಎಲ್ಲರಿಗೂ ಬೇಜಾರು ಮಾಡುವುದು ಖಂಡಿತ.

2021ರ ಜನವರಿ 3ರಂದು ಕೋವ್ಯಾಕ್ಸಿನ್‌ಗೆ ಅನುಮತಿ ಸಿಕ್ಕಿತು. ಮೂರನೇ ಹಂತದ ಪರೀಕ್ಷೆಯ ಫಲಿತಾಂಶ ಆಗಿನ್ನೂ ಬಂದಿರಲಿಲ್ಲ. ಇದನ್ನು ಪ್ರಶ್ನಿಸುವುದು ಸರಿಯಾಗಿತ್ತು, ಕಾಂಗ್ರೆಸ್ ನಾಯಕರು ಪ್ರಶ್ನಿಸಿದರು. ಉತ್ತರ ಕೊಡುವ ಬದಲು ದೇಶದ ವಿಜ್ಞಾನಿಗಳಿಗೆ ಅವಮಾನ ಅಂತ ಬಿಜೆಪಿಯವರು ಕೂಗಿದರು. ಅದಕ್ಕೂ ಒಂದು ದಿನ ಮೊದಲು ಸಮಾಜವಾದಿ ಪಕ್ಷದ ಅಖಿಲೇಶ್ ಯಾದವ್ ಬಿಜೆಪಿಯ ಲಸಿಕೆಯನ್ನು ನಾನು ಹೇಗೆ ನಂಬಲಿ ಅಂದಿದ್ದರು. ಜೂನ್ ಹೊತ್ತಿಗೆ ಅವರೇ ಭಾರತ ಸರ್ಕಾರದ ಲಸಿಕೆ ಹಾಕಿಸಿಕೊಳ್ಳುತ್ತೇವೆ ಅಂದರು. ನಡುವಿನ ಆ ಐದು ತಿಂಗಳಲ್ಲಿ ಎರಡನೇ ಅಲೆ ಬಂದು ಹೋಗಿತ್ತು. ನಮ್ಮ ಪಕ್ಕದ ಮನೆಯ ಹಿರಿಯರು ಬಳಸಿದ "ಅವರ ಲಸಿಕೆ" ಅನ್ನುವ ಮಾತು ಎಲ್ಲಿಂದ ಬಂತು ಅಂತ ನನಗೆ ಅನುಮಾನವಿಲ್ಲ.

ಆದರೆ ಆ ಮಾತಿಗೆ ಇನ್ನೊಂದು ಕಡೆಯಿಂದಲೂ ನೀರು ಹೊಯ್ದರು. ಲಸಿಕೆ ಪ್ರಮಾಣಪತ್ರದಲ್ಲಿ ಪ್ರಧಾನಿಯ ಫೋಟೋ. ಮಾರ್ಚ್ 1ರಂದು ಮೋದಿ ತಾವೇ ಕೋವ್ಯಾಕ್ಸಿನ್ ಹಾಕಿಸಿಕೊಂಡದ್ದು ಬಹಳ ಒಳ್ಳೆಯ ಕೆಲಸ, ನಾಯಕನಾದವನು ಮಾಡಬೇಕಾದ್ದೇ ಅದು. ಆದರೆ ಕೋಟ್ಯಂತರ ಜನರ ಪ್ರಮಾಣಪತ್ರದಲ್ಲಿ ಒಬ್ಬ ಪಕ್ಷದ ನಾಯಕನ ಮುಖ ಯಾಕೆ ಬೇಕು? ಚುನಾವಣೆ ಇದ್ದ ರಾಜ್ಯಗಳಲ್ಲಿ ನೀತಿ ಸಂಹಿತೆ ಬಂದಾಗ ಅದನ್ನು ತೆಗೆಯಬೇಕಾಯಿತು. ಚುನಾವಣೆ ಬಂದಾಗ ತೆಗೆಯಬೇಕು ಅಂದರೆ ಅದು ಪ್ರಚಾರ ಅಂತಲೇ ಆಯಿತಲ್ಲ. ದನದ ಕಿವಿಗೆ ಹಳದಿ ಓಲೆ ಹಾಕುತ್ತಾರೆ, ಅದರಲ್ಲಿ ಬರೀ ನಂಬರು. ಯಾರ ಫೋಟೋವೂ ಇಲ್ಲ. ನಮ್ಮ ಹಿರಿಯರಿಗೆ ಅದಕ್ಕೇ ಅದರ ಮೇಲೆ ಸಿಟ್ಟೂ ಇಲ್ಲ.

ಕಳೆದ ವರ್ಷಗಳಲ್ಲಿ ಇದು ಮತ್ತೆ ಮರಳಿತು. 2025ರ ಜುಲೈ. ಹಾಸನದಲ್ಲಿ ಹೃದಯಾಘಾತದ ಸಾವುಗಳು ಸಾಲಾಗಿ ಸುದ್ದಿಯಾದವು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ತಜ್ಞರ ಸಮಿತಿಗೆ ಅಧ್ಯಯನ ಒಪ್ಪಿಸಿದರು, ಅದು ಸರಿ. ಅದರ ಜೊತೆಗೇ ಕೋವಿಡ್ ಲಸಿಕೆಗೆ ಆತುರದಲ್ಲಿ ಅನುಮತಿ ಕೊಟ್ಟದ್ದೂ ಕಾರಣ ಇರಬಹುದು ಅಂತ ಬರೆದರು. ಕೇಂದ್ರದವರು ಸಂಬಂಧ ಇಲ್ಲ ಅಂದರು. ಬಯೋಕಾನ್ ಔಷಧ ಕಂಪನಿಯ ಕಿರಣ್ ಮಜುಂದಾರ್ ಶಾ ಅದನ್ನು ತಪ್ಪು ಅಂದರು. ಒಂದು ವಾರ ಟಿವಿಯಲ್ಲಿ ಅದೇ ಗಲಾಟೆ. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ವರದಿ ಕೊಟ್ಟಾಗ ಲಸಿಕೆಗೂ ಆ ಸಾವುಗಳಿಗೂ ನೇರ ಸಂಬಂಧ ಕಂಡಿಲ್ಲ ಅಂದಿತು. ವರದಿ ಬರುವ ತನಕ ಕಾಯಬಹುದಿತ್ತು. ಆ ವಾರ ನಮ್ಮೂರಿನ ಅಂಗನವಾಡಿಗೆ ಮಗುವಿನ ಲಸಿಕೆಗೆ ಬಂದ ಒಬ್ಬ ತಾಯಿ, "ಇದೂ ಹೃದಯಕ್ಕೆ ಹೊಡೀತದಾ?" ಅಂತ ನರ್ಸಮ್ಮನನ್ನು ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ. ದಡಾರದ ಲಸಿಕೆಗೆ! ದೊಡ್ಡವರು ಒಂದು ಲಸಿಕೆಯ ಮೇಲೆ ಎಸೆದ ಕಲ್ಲು ಇನ್ನೊಂದು ಲಸಿಕೆಗೆ ತಾಗುತ್ತದೆ.

ಇದಕ್ಕಿಂತ ಮೊದಲು, 2020ರ ಆರಂಭದಲ್ಲಿ, ದೇಶದ ಹಲವು ಕಡೆ ಮನೆ ಮನೆಗೆ ಹೋದ ಆರೋಗ್ಯ ಸಿಬ್ಬಂದಿಯನ್ನು ಎನ್‌ಆರ್‌ಸಿ, ಅಂದರೆ ಪೌರತ್ವ ಪಟ್ಟಿಯ ಲೆಕ್ಕಕ್ಕೆ ಬಂದವರು ಅಂತ ಮುಸ್ಲಿಂ ಬಡಾವಣೆಗಳಲ್ಲಿ ಅನುಮಾನಿಸಿದರು. ಅವರ ಕೈಯಲ್ಲಿ ರಿಜಿಸ್ಟರ್ ಇತ್ತು, ಹೆಸರು, ವಯಸ್ಸು, ಮನೆಯಲ್ಲಿ ಎಷ್ಟು ಜನ ಅಂತ ಕೇಳುತ್ತಿದ್ದರು. ಆ ಹೊತ್ತಿನಲ್ಲಿ ಯಾರಿಗೇ ಆದರೂ ಹಾಗೆ ಅನಿಸಬಹುದಿತ್ತು. ಅದರ ಪೆಟ್ಟು ತಿಂದವಳು ಯಾವ ಕಾನೂನನ್ನೂ ಮಾಡದ ಆಶಾ ಕಾರ್ಯಕರ್ತೆ.

ಸರಿ, ಇಷ್ಟು ದೂರ ಸುತ್ತಿದ್ದು ನಮ್ಮ ಮನೆಗೆ ಬರಲಿಕ್ಕೆ. ಮಂಗನ ಕಾಯಿಲೆ.

ನಿಮಗೆ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾಯಿತು. ಉಣುಗಿನಿಂದ ಬರುತ್ತದೆ. ಡಿಸೆಂಬರಿನಿಂದ ಮೇ ತನಕ, ಅಂದರೆ ನಾವು ದರಕು (ಒಣಗಿ ಉದುರಿದ ಎಲೆ) ಗುಡಿಸಲು, ಸೊಪ್ಪು ತರಲು ಬೆಟ್ಟಕ್ಕೆ ಹೋಗುವ ಕಾಲಕ್ಕೇ. ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಇದಕ್ಕೆ ಒಂದು ಲಸಿಕೆ ಇತ್ತು. 1990ರ ಹೊತ್ತಿನಿಂದ ಕೊಡುತ್ತಿದ್ದರು. ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷ ವರ್ಷ. ಬಹಳ ನೋವಿನ ಸೂಜಿ.

ನನ್ನ ಆಯಿ ಎರಡು ಹಾಕಿಸಿಕೊಂಡಳು. ತೋಳು ಬಾತು ಮೂರು ದಿನ ಮೇಲೆತ್ತಲು ಆಗಲಿಲ್ಲ. ಮೂರನೆಯದಕ್ಕೆ ಶಿಬಿರ ಇಟ್ಟಾಗ ಹೋದಳು, ಬಾವಿನ ವಿಷಯ ಕೇಳಿದಳು. ಅಲ್ಲಿದ್ದ ಅಧಿಕಾರಿಯೊಬ್ಬರು, "ಬೇಡ ಅಂದ್ರೆ ಮನೆಗೆ ಹೋಗಿ, ಸತ್ತರೆ ನಮ್ಮನ್ನು ಕೇಳಬೇಡಿ" ಅಂದರು. ಆಯಿ ಮನೆಗೆ ಬಂದಳು. ಮತ್ತೆ ಯಾವತ್ತೂ ಹೋಗಲಿಲ್ಲ. ಅವಳ ಜೊತೆ ಹೋಗಿದ್ದ ಐದು ಹೆಂಗಸರೂ ಹೋಗಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಅವರು ಲಸಿಕೆ ನಿರಾಕರಿಸಿದವರು. ಅವರು ಕೇಳಿದ್ದು ಒಂದು ಪ್ರಶ್ನೆ.

ಆ ಪ್ರಶ್ನೆಗೆ ಅರ್ಥವಿತ್ತು. 2005ರಿಂದ 2010ರ ತನಕದ ಅಂಕಿಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನ ಇದೆ. ಒಂದೇ ಡೋಸಿನಿಂದ ಪ್ರಯೋಜನ ಇಲ್ಲ, ಎರಡಕ್ಕೆ ಶೇ. 62ರಷ್ಟು ರಕ್ಷಣೆ, ಮೂರನೆಯದೂ ಆದರೆ ಶೇ. 83ರ ಹತ್ತಿರ. ಅಂದರೆ ಅರ್ಧಕ್ಕೆ ಬಿಟ್ಟವರಿಗೆ ಅರ್ಧ ರಕ್ಷಣೆ. ಇದನ್ನು ಆಯಿಗೆ ಕನ್ನಡದಲ್ಲಿ ಯಾರಾದರೂ ಹೇಳಿದ್ದರೆ ಅವಳು ಮೂರನೆಯದನ್ನೂ ಹಾಕಿಸಿಕೊಳ್ಳುತ್ತಿದ್ದಳು. ಬಾವು ತಡೆದುಕೊಳ್ಳುವ ಶಕ್ತಿ ಅವಳಿಗಿತ್ತು, ಮಳೆಗಾಲದಲ್ಲಿ ಗದ್ದೆಯಲ್ಲಿ ನಿಂತವಳು. ಆಮೇಲೆ ಆ ಲಸಿಕೆಯ ಗುಣಮಟ್ಟವೇ ಸರಿಯಿಲ್ಲ ಅಂತ ಗೊತ್ತಾಗಿ 2022ರ ಹೊತ್ತಿಗೆ ಕೊಡುವುದನ್ನೇ ನಿಲ್ಲಿಸಿದರು.

ಈಗ ನೋಡಿ, ಲಸಿಕೆ ಬೇಡ ಅಂದವರೇ ಲಸಿಕೆ ಎಲ್ಲಿ ಅಂತ ಕೇಳುತ್ತಿದ್ದಾರೆ. 2024ರಲ್ಲಿ ಸಿದ್ದಾಪುರದಲ್ಲಿ ಜ್ವರ ಹರಡಿದಾಗ ನಮ್ಮ ಕೈಗೆ ಸಿಕ್ಕಿದ್ದು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ. ನನ್ನ ಗಮನಕ್ಕೆ ಬಂದ ವಿಷಯ ಒಂದಿದೆ. ಮಂಗನ ಕಾಯಿಲೆಯ ಲಸಿಕೆಯಲ್ಲಿ ನಮ್ಮೂರಿನ ಬಿಜೆಪಿಯವರೂ ಕಾಂಗ್ರೆಸ್ಸಿನವರೂ ಬೇರೆ ಬೇರೆ ಆಗಲಿಲ್ಲ. ಆಗ ಹಾಕಿಸಿಕೊಳ್ಳದವರಲ್ಲೂ ಎರಡೂ ಕಡೆಯವರಿದ್ದರು, ಈಗ ಕೇಳುವವರಲ್ಲೂ ಇದ್ದಾರೆ. ಈ ರೋಗ ಟಿವಿಯ ಕಣ್ಣಿಗೆ ಬಿದ್ದಿಲ್ಲ, ಇದರಿಂದ ಯಾರಿಗೂ ಓಟು ಬರುವುದಿಲ್ಲ. ಹಾಗಾಗಿ ಪಕ್ಷ ಹೊಕ್ಕಿಲ್ಲ. ಇದು ಒಂದು ರೀತಿಯಲ್ಲಿ ಸಮಾಧಾನ. ಇನ್ನೊಂದು ರೀತಿಯಲ್ಲಿ, ಅರವತ್ತು ವರ್ಷ ದಾಟಿದರೂ ಸರಿಯಾದ ಲಸಿಕೆ ಬಾರದೆ ಇರುವುದಕ್ಕೂ ಅದೇ ಕಾರಣ ಅಂತ ನನಗೆ ಅನಿಸುತ್ತದೆ.

ಘಟ್ಟದ ಕೆಳಗಿನವರಿಗೂ ಒಂದು ಮಾತು. 2017ರಲ್ಲಿ ದಡಾರ ರುಬೆಲ್ಲಾ ಅಭಿಯಾನ ಕರ್ನಾಟಕದಲ್ಲಿ ನಡೆಯಿತು, ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದ ಎಲ್ಲಾ ಮಕ್ಕಳಿಗೆ. ಆಗಲೂ ವಾಟ್ಸಾಪಿನಲ್ಲಿ ಪುಕಾರುಗಳು ಓಡಿದವು. ನಾನು ಆಗ ಕಾರವಾರದಲ್ಲಿದ್ದೆ. ಮೀನು ಮಾರುಕಟ್ಟೆಯಲ್ಲಿ ಒಬ್ಬ ಹೆಂಗಸು ಮಗನಿಗೆ ಹಾಕಿಸುವುದಿಲ್ಲ ಅಂದಳು. ನಾನು ಕಾರಣ ಕೇಳಿದೆ. ಅವಳು ಪುಕಾರಿನ ವಿಷಯ ಎತ್ತಲೇ ಇಲ್ಲ. "ನನ್ನ ಗಂಡನಿಗೆ ಎದೆನೋವು ಬಂದಾಗ ಇಲ್ಲಿ ಆಗೂದಿಲ್ಲ ಅಂದರು, ಗೋವಾಕ್ಕೆ ಹೋಗುವ ದಾರಿಯಲ್ಲೇ ಹೋದ. ಆಗ ಯಾರೂ ಬರಲಿಲ್ಲ. ಈಗ ಕರೆಯದೆ ಮನೆ ಬಾಗಿಲಿಗೆ ಬರ್ತಾರಲ್ಲ, ಯಾಕೆ?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಬೇಕು ಅಂತ ನಮ್ಮ ಹುಡುಗರು 2019ರಲ್ಲೂ 2022ರಲ್ಲೂ ಮೊಬೈಲ್ ಹಿಡಿದು ಕೂಗಿದರು. ಇವತ್ತಿಗೂ ಜೋರು ಕಾಯಿಲೆ ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ. ಉತ್ತರ ಪ್ರದೇಶದಲ್ಲೂ ಇದೇ ಆಗಿತ್ತು, ರಸ್ತೆ ಇಲ್ಲ, ಕರೆಂಟಿಲ್ಲ, ಪೋಲಿಯೋ ಹನಿ ಮಾತ್ರ ತಪ್ಪದೆ ಬರುತ್ತದೆ ಅಂತ ಹಳ್ಳಿಗಳು ಬಹಿಷ್ಕಾರ ಹಾಕಿದವು. 2009ರಲ್ಲಿ ದೇಶದಲ್ಲಿ 741 ಪೋಲಿಯೋ ಪ್ರಕರಣ. ಅಷ್ಟರಲ್ಲಾಗಲೇ ಮಸೀದಿಯ ಇಮಾಮರು, ಅಲಿಗಢ ಮತ್ತು ಜಾಮಿಯಾ ವಿಶ್ವವಿದ್ಯಾಲಯಗಳವರು, ಆಯಾ ಓಣಿಯ ಹೆಂಗಸರು ಈ ಕೆಲಸಕ್ಕೆ ಸೇರಿಕೊಂಡಿದ್ದರು. ಬರೀ ಹನಿ ಬಿಟ್ಟು ಬೇರೆ ಔಷಧಿಯ ಶಿಬಿರವನ್ನೂ ಇಟ್ಟರು. 2011ರ ಜನವರಿ 13, ಹೌರಾದ ಒಂದು ಮಗು. ಸಹಜ ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ ಅದೇ. ಎರಡೇ ವರ್ಷ.

ಹಾಗಾದರೆ ನಮ್ಮ ಹಿರಿಯರ ಕತೆ ಎಂತಾಯಿತು ಅಂತ ಕೇಳುತ್ತೀರಿ. ನಾನು ಮೂರು ಸಲ ಹೋಗಿ ವಾದ ಮಾಡಿದೆ. ಅಂಕಿ ಹೇಳಿದೆ, ಸೋತೆ. ಒಂದು ಸಲ ಸಿಟ್ಟಿನಲ್ಲಿ ಅವರ ಪಕ್ಷವನ್ನೂ ಎಳೆದೆ, ಅದು ನನ್ನ ತಪ್ಪು, ಅವರು ಒಂದು ತಿಂಗಳು ಮಾತು ಬಿಟ್ಟರು. ಮಳೆ ಕಡಿಮೆಯಾದ ಮೇಲೆ ಪಶು ಇಲಾಖೆಯವ ಕಾಲುಬಾಯಿ ಲಸಿಕೆಗೆ ಬಂದ. ಕಷಾಯ ಕುಡಿಯುತ್ತಾ ಕೂತಾಗ ಹಿರಿಯರೇ ಅವನನ್ನು ಕೇಳಿದರಂತೆ, ನೀನು ಹಾಕಿಸಿಕೊಂಡಿದ್ದೀಯಾ? ಹೌದು, ಎರಡೂ ಆಯಿತು. ಎಂತಾಯಿತು? ಎರಡು ದಿನ ಜ್ವರ, ಮೈ ಕೈ ನೋವು, ಮತ್ತೇನಿಲ್ಲ. "ದನಕ್ಕೆ ಹಾಕಿದರೆ ಎರಡು ದಿನ ಹಾಲು ಕಡಿಮೆ ಆಗ್ತದಲ್ಲ, ಹಾಂಗೆಯಾ?" ಹಾಂಗೇ. ಅಷ್ಟೇ ಮಾತು. ಮರುವಾರ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಂತಿದ್ದರು. ಓಟು ಅವರು ಈಗಲೂ ಬದಲಾಯಿಸಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆ ಸೇರಿ ಮಂಗನ ಕಾಯಿಲೆಗೆ ಹೊಸ ಲಸಿಕೆ ಮಾಡುತ್ತಿದೆ. ಅದು ನಮ್ಮ ಊರುಗಳಿಗೇ ಬರುತ್ತದೆ. ಬರುವ ಮೊದಲೇ ಕೇಳಬೇಕಾದ್ದನ್ನು ಕೇಳೋಣ. ಪರೀಕ್ಷೆಯ ಫಲಿತಾಂಶ ಕನ್ನಡದಲ್ಲಿ ಗ್ರಾಮ ಪಂಚಾಯತಿಯ ಗೋಡೆಗೆ ಅಂಟಲಿ. ಬಾವು ಬಂದರೆ ಯಾರಿಗೆ ಫೋನು ಮಾಡಬೇಕು ಅಂತ ಅದರ ಕೆಳಗೆ ಬರೆದಿರಲಿ. ಚೀಟಿಯಲ್ಲಿ ಯಾರ ಫೋಟೋವೂ ಬೇಡ, ಪ್ರಧಾನಿಯದೂ ಬೇಡ, ಮುಖ್ಯಮಂತ್ರಿಯದೂ ಬೇಡ. ಮೊದಲ ದಿನ ಊರಿನ ಎರಡೂ ಪಕ್ಷದ ಹಿರಿಯರು ಒಂದೇ ಬೆಂಚಿನಲ್ಲಿ ಕೂತು ತೋಳು ಕೊಡಲಿ. ಆಶಾ ಕಾರ್ಯಕರ್ತೆಯ ಗೌರವಧನ ಅಷ್ಟರೊಳಗೆ ಅವಳ ಕೈ ಸೇರಿರಲಿ.

ನಿನ್ನೆ ಇಲ್ಲಿಗೆ ಬರುತ್ತೇನೆ ಅಂತ ಹಿರಿಯರಿಗೆ ಹೇಳಲು ಹೋಗಿದ್ದೆ. ಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದರು, ದರಕಿಗೆ ಹೊರಟಿದ್ದರು. "ಅಲ್ಲಿ ಡಾಕ್ಟ್ರು ಯಾರಾದರೂ ಸಿಕ್ಕಿದರೆ ಕೇಳಿಕೊಂಡು ಬಾ, ಆ ಹೊಸ ಸೂಜಿ ಯಾವಾಗ ಬರ್ತದೆ ಅಂತ" ಅಂದರು. ಇಲ್ಲಿ ಮುಂದಿನ ಸಾಲಿನಲ್ಲಿ ಇಬ್ಬರು ಡಾಕ್ಟರು ಕೂತಿದ್ದಾರೆ. ನಾನು ಹಿರಿಯರ ಪರವಾಗಿ ಕೇಳುತ್ತಿದ್ದೇನೆ.